ಚಳ್ಳಕೆರೆಯ ಮಿಲ್ಲು, ಉಕ್ರೇನಿನ ಸೂರ್ಯಕಾಂತಿ

ಶೇಂಗಾ ಎಣ್ಣೆ ಮಿಲ್ಲುಗಳಿಂದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ‘ಎಣ್ಣೆ ನಗರ’ ಎನಿಸಿತು. ‘ಎರಡನೇ ಬಾಂಬೆ’ ಎಂದೂ ಕರೆದರು. ಇದೇ ವ್ಯಾಪಾರಕ್ಕೆ ಪೆಟ್ಟು ಕೊಟ್ಟವುಗಳಲ್ಲಿ ಸೋವಿಯತ್ ಒಕ್ಕೂಟದ ಒಡಕೂ ಒಂದು.

ಭಾರತದಲ್ಲಿ ಸೂರ್ಯಕಾಂತಿ ಬೇಸಾಯ ಹಬ್ಬಿದ್ದು 1969ರಲ್ಲಿ ಆ ಒಕ್ಕೂಟದಿಂದ ತರಿಸಿದ ತಳಿಗಳಿಂದ. ಒಕ್ಕೂಟ ಒಡೆದು 1991ರಲ್ಲಿ ಉಕ್ರೇನ್ ಸ್ವತಂತ್ರವಾಯಿತು. 1999ರಲ್ಲಿ ಅದು ಸೂರ್ಯಕಾಂತಿ ಬೀಜದ ರಫ್ತಿಗೆ ಶೇ 23 ಸುಂಕ ಹಾಕಿತು. ಬೀಜ ಹೊರಗೆ ಹೋಗುವುದು ತಗ್ಗಿ, ಅಲ್ಲೇ ಎಣ್ಣೆ ಗಿರಣಿಗಳು ಬೆಳೆದವು. ಜಾಣ ಸುಂಕವೇ; ಅದರ ಭಾರ ಬಿದ್ದದ್ದು ಮಾತ್ರ ಅಲ್ಲಿನ ರೈತನ ಮೇಲೆ.

ಇತ್ತ ಭಾರತ 1994ರಿಂದ ಅಡುಗೆ ಎಣ್ಣೆಯ ಆಮದನ್ನು ಸಡಿಲಿಸಿತ್ತು. ಮೊದಲು ತಾಳೆ ಎಣ್ಣೆ, ಆಮೇಲೆ ಉಕ್ರೇನಿನಂಥ ಕಪ್ಪು ಸಮುದ್ರ ತೀರದ ದೇಶಗಳ ಸೂರ್ಯಕಾಂತಿ ಎಣ್ಣೆ ಅಂಗಡಿ ತುಂಬಿತು. ಬರವೂ ಸೇರಿ ಚಳ್ಳಕೆರೆಯ ಅನೇಕ ಮಿಲ್ಲುಗಳು ಮುಚ್ಚಿದವು. 2022ರಲ್ಲಿ ಉಕ್ರೇನಿನಲ್ಲಿ ಪೂರ್ಣ ಪ್ರಮಾಣದ ಯುದ್ಧ ಶುರುವಾದಾಗ ಇಲ್ಲಿ ಎಣ್ಣೆ ಬೆಲೆ ಏರಿತು.