ಇಲಿ ಗುರುತಿನ ಡೆಸ್ಕ್‌ಟಾಪ್

ನನ್ನ ಪಿಎಚ್‌ಡಿ ಟಿಪ್ಪಣಿಗಳೆಲ್ಲ ಇರುವುದು 2 ಜಿಬಿ ರ‍್ಯಾಮ್‌ನ ಹಳೆಯ ಲ್ಯಾಪ್‌ಟಾಪಿನಲ್ಲಿ. ಅದು ಏದುಸಿರು ಬಿಡತೊಡಗಿದಾಗ ಹೊಸದು ಕೊಳ್ಳಲು ಫೆಲೋಶಿಪ್ ಹಣ ಬಂದಿರಲಿಲ್ಲ. ಒಂದು ವಾರ ಪೆನ್‌ಡ್ರೈವಿನಿಂದ ಒಂದೊಂದೇ ಲಿನಕ್ಸ್ ಹಾಕಿ ನೋಡಿದೆ.

ಬ್ಯಾರಿ ಕೌಲರ್ 2003ರಲ್ಲಿ ಶುರುಮಾಡಿದ ಪಪ್ಪಿ ಲಿನಕ್ಸ್ ಇಡಿಯಾಗಿ ರ‍್ಯಾಮಿನಲ್ಲೇ ಕೂತು ಓಡುತ್ತದೆ. ವೇಗವೇನೋ ಸರಿ, ಆದರೆ ಕನ್ನಡ ಫಾಂಟ್ ಇಲ್ಲದೆ ನನ್ನ ಅಧ್ಯಾಯಗಳು ಬರೀ ಚೌಕಗಳ ಸಾಲಾಗಿ ಕಂಡವು.

ಕೊನೆಗೆ ನಿಂತದ್ದು ಎಕ್ಸ್‌ಎಫ್‌ಸಿಇ ಮೇಲೆ. ಅದರ ಗುರುತು ಒಂದು ಇಲಿ. ಯುನಿಕ್ಸ್ ಯಂತ್ರಗಳಲ್ಲಿದ್ದ ಸಿಡಿಇ ಎಂಬ ಡೆಸ್ಕ್‌ಟಾಪಿನ ಚಹರೆಯನ್ನು ಲಿನಕ್ಸಿಗೆ ತರಲೆಂದು ಒಲಿವಿಯೆ ಫೂರ್ದಾನ್ 1996ರಲ್ಲಿ ಇದನ್ನು ಆರಂಭಿಸಿದರು. ಅವರು ಬಳಸಿದ್ದು ಎಕ್ಸ್‌ಫಾರ್ಮ್ಸ್ ಎಂಬ ಸಲಕರಣೆ. ಆಗ ಅದರ ಮೂಲಸಂಕೇತ ಮುಕ್ತವಾಗಿರಲಿಲ್ಲ; ಹಾಗಾಗಿ ರೆಡ್ ಹ್ಯಾಟ್ ತನ್ನ ವಿತರಣೆಗೆ ಇದನ್ನು ಸೇರಿಸಿಕೊಳ್ಳಲಿಲ್ಲ. ಫೂರ್ದಾನ್ ಮುಕ್ತವಾದ ಜಿಟಿಕೆ ಹಿಡಿದು ಎಲ್ಲವನ್ನೂ ಮತ್ತೆ ಬರೆದರು. ಆ ನಿರಾಕರಣೆ ಒಳ್ಳೆಯದೇ ಮಾಡಿತು ಅಂತ ನನಗನ್ನಿಸುತ್ತದೆ. ಎಕ್ಸ್‌ಫಾರ್ಮ್ಸ್ ಹೋಯಿತು, ಹೆಸರಿನಲ್ಲಿ ಮಾತ್ರ ಅದರ ಅಕ್ಷರಗಳು ಉಳಿದವು.

2011ರಲ್ಲಿ ಗ್ನೋಮ್ 3 ಒಗ್ಗದೆ ಲಿನಸ್ ಟೋರ್ವಾಲ್ಡ್ಸ್ ಅವರೇ ಕೆಲಕಾಲ ಇದಕ್ಕೆ ಬಂದಿದ್ದರು. ನಾನು ಬಂದದ್ದು ಜೇಬು ಖಾಲಿಯಾಗಿ. ಕನ್ನಡ ಫಾಂಟ್ ಹಾಕಿಕೊಂಡೆ. ಮೂರನೆಯ ಅಧ್ಯಾಯ ತೆರೆದುಕೊಂಡಿತು.