ಮುನಿರ್ಕಾದಲ್ಲಿ ಮರ ಮತ್ತು ವಿದ್ಯುತ್ ತಂತಿ

ಮುನಿರ್ಕಾ ದಕ್ಷಿಣ ದೆಹಲಿಯ ಹೊರ ವರ್ತುಲ ರಸ್ತೆಗೆ ಅಂಟಿಕೊಂಡಿರುವ ಹಳೆಯ ಜಾಟರ ಊರು. ಒಂದು ಮಗ್ಗುಲಲ್ಲಿ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಕಲ್ಲುಗುಡ್ಡ, ಕುರುಚಲು ಕಾಡು. ಇನ್ನೊಂದು ಮಗ್ಗುಲಲ್ಲಿ ರಾಮಕೃಷ್ಣಪುರಂನ ಸರ್ಕಾರಿ ವಸತಿ. ಊರೊಳಗಿನ ಗಲ್ಲಿಗಳಲ್ಲಿ ಮರಕ್ಕೆ ಜಾಗವೇ ಕಡಿಮೆ; ಅಲ್ಲಿ ತಂತಿಯ ತಂಟೆ ಬಾಲ್ಕನಿಗಳ ಜೊತೆ. ಮರದ ಜೊತೆಗಿನ ತಂಟೆಯೆಲ್ಲ ಡಿಡಿಎ (ದೆಹಲಿ ಅಭಿವೃದ್ಧಿ ಪ್ರಾಧಿಕಾರ) ಫ್ಲಾಟುಗಳ ಒಳರಸ್ತೆಗಳಲ್ಲಿ, ಉದ್ಯಾನಗಳ ಅಂಚಿನಲ್ಲಿ. ದಕ್ಷಿಣ ದೆಹಲಿಯ ಬಡಾವಣೆಗಳ ಸಾಮಾನ್ಯ ಮರಗಳೆಂದರೆ ಬೇವು, ಅರಳಿ, ನೇರಳೆ, ಬಸರಿ, ಹಾಲೆ. ಗುಡ್ಡದ ಕಡೆ ನಮ್ಮವರು ಬಳ್ಳಾರಿ ಜಾಲಿ ಎನ್ನುವ ಮರದ್ದೇ ಕಾರುಬಾರು.

ಮರ ಮೊದಲು ಬಂದಿತೋ ತಂತಿಯೋ ಎಂಬುದು ಈ ವಿಷಯದ ಅತ್ಯಂತ ಹಳೆಯ ಪ್ರಶ್ನೆ. ದೆಹಲಿಗೆ ವಿದ್ಯುತ್ ಬರುವ ಮೊದಲೇ, 1885ರ ಟೆಲಿಗ್ರಾಫ್ ಕಾಯಿದೆ ಇದನ್ನು ಎತ್ತಿತ್ತು. ಅದರಂತೆ ತಂತಿಗೆ ಅಡ್ಡಬಂದ ಮರವನ್ನು ಮ್ಯಾಜಿಸ್ಟ್ರೇಟರು ತೆಗೆಸಬಹುದಿತ್ತು. ಆದರೆ ಮರ ತಂತಿಗಿಂತ ಹಿರಿದಾಗಿದ್ದರೆ ಅದರ ಹಕ್ಕುದಾರರಿಗೆ ಪರಿಹಾರ ಕೊಡಬೇಕಿತ್ತು. 2003ರ ವಿದ್ಯುತ್ ಕಾಯಿದೆಯ 68ನೇ ಕಲಮು ಹೆಚ್ಚುಕಡಿಮೆ ಇದೇ ಮಾತನ್ನು ಹೇಳುತ್ತದೆ, ಪೊದೆ, ಬೇಲಿಗಳನ್ನೂ ಮರವೆಂದೇ ಎಣಿಸುತ್ತದೆ. ಪರಿಹಾರ ಹಕ್ಕುದಾರನಿಗೆ ಸಲ್ಲುತ್ತದೆಯೇ ಹೊರತು ಮರಕ್ಕೇನೂ ಸಿಗುವುದಿಲ್ಲ. ಮರದ ಪರವಾಗಿ ಮಾತಾಡುವ ಕಾನೂನು ದೆಹಲಿಗೆ ಬರಲು ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು.

ಈ ನಡುವೆ ತಂತಿಯ ಯಜಮಾನರು ಹಲವು ಬಾರಿ ಬದಲಾದರು. 1905ರಲ್ಲಿ, ಬೆಂಗಳೂರಿನ ಬೀದಿಗಳಿಗೆ ಶಿವನಸಮುದ್ರದ ವಿದ್ಯುತ್ ಬಂದ ವರ್ಷವೇ, ದೆಹಲಿಯಲ್ಲಿ ಜಾನ್ ಫ್ಲೆಮಿಂಗ್ ಕಂಪನಿಯ ಡೀಸೆಲ್ ವಿದ್ಯುತ್ ಕೇಂದ್ರ ಶುರುವಾಯಿತು. 1958ರಲ್ಲಿ ನಗರಪಾಲಿಕೆಯಡಿ ‘ದೇಸು’ (ದೆಹಲಿ ವಿದ್ಯುತ್ ಪೂರೈಕೆ ಸಂಸ್ಥೆ), 1997ರಲ್ಲಿ ದೆಹಲಿ ವಿದ್ಯುತ್ ಬೋರ್ಡ್, 2002ರ ಜುಲೈಯಲ್ಲಿ ಖಾಸಗೀಕರಣ. ಆಗಿನಿಂದ ಮುನಿರ್ಕಾ ಸೇರಿ ದಕ್ಷಿಣ ದೆಹಲಿಯ ವಿತರಣೆ ಬಿಎಸ್‌ಇಎಸ್ ರಾಜಧಾನಿ ಕಂಪನಿಯದು. ತಂತಿ ಕಂಪನಿಯದಾದರೂ ಮರ ಪಾಲಿಕೆಯದೋ, ಡಿಡಿಎಯದೋ, ಲೋಕೋಪಯೋಗಿ ಇಲಾಖೆಯದೋ ಆಗಿರುತ್ತದೆ. ಒಂದು ಕೊಂಬೆ ಇಳಿಸಲು ಇಷ್ಟು ಕಚೇರಿಗಳ ನಡುವೆ ಕಾಗದ ಓಡಾಡಬೇಕು.

ಕಾಗದಕ್ಕೆ ತೂಕ ಬಂದದ್ದು 1994ರ ದೆಹಲಿ ಮರ ಸಂರಕ್ಷಣಾ ಕಾಯಿದೆಯಿಂದ. ಸ್ವಂತ ಜಮೀನಿನ ಮರವಾದರೂ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕಾಯಿತು. ಜೀವಕ್ಕೋ ಆಸ್ತಿಗೋ ಸಂಚಾರಕ್ಕೋ ತಕ್ಷಣದ ಅಪಾಯವಿದ್ದರೆ ಮಾತ್ರ ಮೊದಲು ಕಡಿದು, 24 ಗಂಟೆಯೊಳಗೆ ವರದಿ ಕೊಡಬಹುದು. ಮುಂದೆ ಬಂದ ಮಾರ್ಗಸೂಚಿಯೊಂದು 15.7 ಸೆಂ.ಮೀ. ಸುತ್ತಳತೆಯವರೆಗಿನ, ಅಂದರೆ ಸುಮಾರು 5 ಸೆಂ.ಮೀ. ವ್ಯಾಸದ, ಕೊಂಬೆಗಳನ್ನು ಪ್ರತ್ಯೇಕ ಅನುಮತಿಯಿಲ್ಲದೆ ಸವರಲು ಬಿಟ್ಟಿತ್ತು. ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ನಜ್ಮಿ ವಜೀರಿ 2023ರ ಮೇ 29ರಂದು ಅದನ್ನು ರದ್ದುಮಾಡಿದರು. ತೀರ್ಪಿನ ಕಾಳಜಿ ನ್ಯಾಯವಾದದ್ದೇ. ಸವರುವ ಹೆಸರಿನಲ್ಲಿ ಮರವನ್ನೇ ಬೋಳಿಸುವ ಚಾಳಿ ದೆಹಲಿಗೆ ಹೊಸದಲ್ಲ. ಆದರೆ ಮಳೆಗಾಲ ಅನುಮತಿಗಾಗಿ ಕಾಯುವುದಿಲ್ಲ ಎಂಬುದೂ ಅಷ್ಟೇ ನಿಜ.

ಅಪಾಯ ಕಣ್ಣಿಗೆ ಸುಲಭವಾಗಿ ಕಾಣುವಂಥದ್ದಲ್ಲ. ಬೇಸಿಗೆಯ ಕಾವಿಗೆ ತಂತಿ ಹಿಗ್ಗಿ ಜೋಲುತ್ತದೆ, ಗಾಳಿಗೆ ಕೊಂಬೆ ಓಲಾಡುತ್ತದೆ. 11 ಕಿಲೋವೋಲ್ಟ್ ತಂತಿಗೆ ತಾಗಿದ ಹಸಿ ಕೊಂಬೆಯ ಮೂಲಕ ಹರಿಯುವ ವಿದ್ಯುತ್ ಕೆಲವೊಮ್ಮೆ ಎಷ್ಟು ಸ್ವಲ್ಪವೆಂದರೆ ಸಬ್‌ಸ್ಟೇಷನ್ನಿನ ರಿಲೇ ಎಚ್ಚೆತ್ತುಕೊಳ್ಳುವುದೇ ಇಲ್ಲ. ಫೀಡರ್ ಟ್ರಿಪ್ ಆಗುವುದಿಲ್ಲ, ಮರ ಮಾತ್ರ ಜೀವಂತ ತಂತಿಯಂತಾಗಿರುತ್ತದೆ. ಮನುಷ್ಯನನ್ನು ಕೊಲ್ಲಲು ಅಷ್ಟು ಸಾಕು. ಅರಣ್ಯ ಪ್ರದೇಶದ ಮಾರ್ಗಗಳಿಗೆ ಕೇಂದ್ರದ ಮಾರ್ಗಸೂಚಿ 11 ಕಿಲೋವೋಲ್ಟಿಗೆ 2.6 ಮೀಟರ್, 33 ಕಿಲೋವೋಲ್ಟಿಗೆ 2.8 ಮೀಟರ್ ಅಂತರ ಹೇಳುತ್ತದೆ. ಕಿರಿದಾದ ಕಾಲೋನಿ ರಸ್ತೆಯಲ್ಲಿ ಅಷ್ಟನ್ನು ಕಾಯ್ದುಕೊಳ್ಳುವುದು ವರ್ಷವರ್ಷದ ಹೋರಾಟ.

ಹಾಗಾಗಿ ಕೆಲಸದ ಕ್ರಮವೇ ಮುಖ್ಯ. ಕರ್ನಾಟಕದ ಪವರ್‌ಮ್ಯಾನ್ ‘ಲೈನ್ ಕ್ಲಿಯರ್’ ತೆಗೆದುಕೊಂಡಂತೆ, ದೆಹಲಿಯ ಲೈನ್‌ಮನ್ ‘ಶಟ್‌ಡೌನ್’ ತೆಗೆದುಕೊಳ್ಳುತ್ತಾನೆ: ಲಿಖಿತ ಅನುಮತಿ, ಸ್ವಿಚ್ ತೆರೆದು ಬೀಗ, ವಿದ್ಯುತ್ ಇಲ್ಲವೆಂಬ ಪರೀಕ್ಷೆ, ಕೆಲಸದ ಜಾಗದ ಎರಡೂ ಕಡೆ ಅರ್ಥಿಂಗ್. ಕೊನೆಯದನ್ನು ಬಿಟ್ಟರೆ ಯಾರದೋ ಮನೆಯ ಜನರೇಟರಿನಿಂದ ಕರೆಂಟು ಹಿಂದಕ್ಕೆ ಹರಿದೀತು. ಅಲ್ಯೂಮಿನಿಯಂ ಏಣಿ ಸಲ್ಲದು. ಕೊಡಗಿನ ತೋಟಗಳಲ್ಲಿ ಮೆಣಸು ಕೊಯ್ಯುವಾಗ ಆ ಏಣಿ ತಂತಿಗೆ ತಾಗಿ ಹೋದ ಜೀವಗಳನ್ನು ನೆನೆದರೆ ಕಾರಣ ಹೇಳಬೇಕಾಗಿಲ್ಲ.

ಕತ್ತರಿಸುವ ರೀತಿಯಲ್ಲೂ ಬದಲಾವಣೆ ಬಂದಿದೆ. ಮರದ ತಲೆ ಹಾರಿಸಿದರೆ ಅದು ಗಡಿಬಿಡಿಯಲ್ಲಿ ಉದ್ದುದ್ದ ಚಿಗುರು ಬಿಡುತ್ತದೆ. ಆ ಚಿಗುರು ಬುಡದಲ್ಲಿ ಸಡಿಲ, ಬಹುಬೇಗ ಮತ್ತೆ ತಂತಿಗೇ ಬರುತ್ತದೆ. ಅಮೆರಿಕದ ಅರಣ್ಯ ಸೇವೆಯ ಅಲೆಕ್ಸ್ ಶೈಗೊ 1970ರ ದಶಕದಲ್ಲಿ ಮರ ತನ್ನ ಗಾಯವನ್ನು ಒಳಗೇ ಗೋಡೆ ಕಟ್ಟಿ ತಡೆಯುವ ಬಗೆಯನ್ನು ವಿವರಿಸಿದ ಮೇಲೆ, ಕೊಂಬೆಯನ್ನು ಕವಲಿನ ಬುಡದಲ್ಲೇ ತೆಗೆದು ಬೆಳವಣಿಗೆಯನ್ನು ತಂತಿಯಿಂದ ಆಚೆ ತಿರುಗಿಸುವ ವಿಧಾನ ಬೇರೂರಿತು. ದೆಹಲಿಯಲ್ಲಿ ಇದು ಇನ್ನೂ ಎಲ್ಲರ ಕೈಗೆ ಹತ್ತಿಲ್ಲ.

ನನ್ನ ಲೆಕ್ಕದಲ್ಲಿ ಗರಗಸಕ್ಕಿಂತ ಹೆಚ್ಚು ಉಪಕಾರ ಮಾಡಿದ್ದು ತಂತಿಯೇ ಬದಲಾದದ್ದು. ಕಟಿಯಾ, ಅಂದರೆ ಕೊಕ್ಕೆ, ಹಾಕಿ ಕರೆಂಟು ಕದಿಯುವುದನ್ನು ತಡೆಯಲು ಖಾಸಗೀಕರಣದ ನಂತರ ಬರಿತಂತಿಯ ಜಾಗದಲ್ಲಿ ಹೊದಿಕೆಯ ಎಬಿ ಕೇಬಲ್ ಹಾಕತೊಡಗಿದರು. ಎಲೆ ತಾಗಿದರೆ ಕಿಡಿ ಹಾರುವುದು ಅದರಿಂದ ತಪ್ಪಿತು. ಆದರೂ ಕೊಂಬೆ ಉಜ್ಜಿ ಉಜ್ಜಿ ಹೊದಿಕೆ ಸವೆಯುವುದರಿಂದ ಅದನ್ನೂ ಮುಟ್ಟುವಂತಿಲ್ಲ.

ನೆಲದಡಿಯ ಕೇಬಲ್ ಇನ್ನೂ ಮೇಲು ಎನ್ನುವವರು ಬೇರನ್ನು ಮರೆಯುತ್ತಾರೆ. ಮರದ ಬುಡದಲ್ಲೇ ಕಾಲುವೆ ತೋಡಿದರೆ ಮರ ಹಿಡಿತ ಕಳೆದುಕೊಳ್ಳುತ್ತದೆ. ಬೇರಿನ ಸಲುವಾಗಿಯೇ ಬುಡದ ಸುತ್ತ 1 ಮೀಟರ್ ಕಾಂಕ್ರೀಟ್ ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಗೆ 2013ರ ಏಪ್ರಿಲ್‌ನಲ್ಲಿ ಆದೇಶಿಸಿತ್ತು. ಹಿಡಿತ ತಪ್ಪಿದ ಮರ ಬಿರುಗಾಳಿಗೆ ನಿಲ್ಲದು. 2022ರ ಮೇ 30ರ ಸಂಜೆ ಗಂಟೆಗೆ ಸುಮಾರು 100 ಕಿ.ಮೀ. ವೇಗದ ಗಾಳಿ ಬೀಸಿದಾಗ ನಗರದಲ್ಲಿ ನೂರಾರು ಮರಗಳು ಉರುಳಿದವು.