ಬಹುಕಣ ವ್ಯವಸ್ಥೆಗಳಲ್ಲಿ ಕ್ವಾಂಟಮ್ ಸ್ಟೀರಿಂಗ್ ಪತ್ತೆ

ತಳುಕು ಹಾಕಿಕೊಂಡ (ಎಂಟ್ಯಾಂಗಲ್ ಆದ) ಎರಡು ಕಣಗಳಲ್ಲಿ ಒಂದರ ಮೇಲೆ ಯಾವ ಅಳತೆ ನಡೆಸುತ್ತೇವೆ ಎಂಬುದರ ಮೇಲೆ ದೂರದ ಇನ್ನೊಂದು ಯಾವ ಬಗೆಯ ಸ್ಥಿತಿಗಳಿಗೆ ಹೊರಳುತ್ತದೆ ಎಂಬುದು ನಿಲ್ಲುತ್ತದೆ. ಇದೇ ಕ್ವಾಂಟಮ್ ಸ್ಟೀರಿಂಗ್. ಸಂದೇಶ ಕಳಿಸಲು ಮಾತ್ರ ಇದು ಒದಗದು. ಐನ್‌ಸ್ಟೈನ್, ಪೊಡೊಲ್‌ಸ್ಕಿ, ರೋಸೆನ್ ಕ್ವಾಂಟಮ್ ಸಿದ್ಧಾಂತ ಅಪೂರ್ಣವೆಂದು ಎತ್ತಿದ ತಕರಾರಿಗೆ ಸ್ಪಂದಿಸುತ್ತ ಶ್ರೋಡಿಂಗರ್ 1935ರಲ್ಲೇ ಈ ಹೆಸರಿಟ್ಟರು. ಮಾರ್ಗರೆಟ್ ರೀಡ್ 1989ರಲ್ಲಿ ಪ್ರಯೋಗಕ್ಕೆ ಒಗ್ಗುವ ಮಾನದಂಡ ಕೊಟ್ಟರು. ಖಚಿತ ವ್ಯಾಖ್ಯೆಗೆ 2007ರವರೆಗೆ ಕಾಯಬೇಕಾಯಿತು: ಒಂದು ಬದಿಯ ಉಪಕರಣವನ್ನು ನಂಬದೆಯೂ ತಳುಕನ್ನು ಸಾಬೀತುಪಡಿಸುವುದೇ ಸ್ಟೀರಿಂಗ್ ಪತ್ತೆ ಎಂದು ವೈಸ್‌ಮನ್, ಜೋನ್ಸ್, ಡೊಹರ್ಟಿ ತೋರಿಸಿದರು.

ಕಣಗಳು ಮೂರಾದೊಡನೆ ಗೊಂದಲ ಶುರು. ಅವುಗಳನ್ನು ಅಳೆಯುವ ಮೂರು ಪಕ್ಷಗಳಲ್ಲಿ ಯಾರ ಉಪಕರಣವನ್ನು ನಂಬಬೇಕು, ಒಬ್ಬರದೋ ಇಬ್ಬರದೋ? ಹೆ ಮತ್ತು ರೀಡ್ 2013ರಲ್ಲಿ ಮುಂದಿಟ್ಟ 'ನಿಜವಾದ ಬಹುಪಕ್ಷೀಯ ಸ್ಟೀರಿಂಗ್'ನಲ್ಲಿ, ಫಲಿತಾಂಶಗಳನ್ನು ಇಬ್ಬಿಬ್ಬರ ನಡುವಿನ ಸ್ಟೀರಿಂಗ್‌ಗಳ ಮಿಶ್ರಣವೆಂದು ವಿವರಿಸಲು ಸಾಧ್ಯವಿರಬಾರದು. ಡೇನಿಯಲ್ ಕವಲ್ಕಾಂತಿ ಮತ್ತು ಸಂಗಡಿಗರು 2015ರಲ್ಲಿ ಬೇರೆ ಗೆರೆ ಎಳೆದರು. ಕಣಗಳನ್ನು ಹಂಚಿಕೊಂಡ ಜಾಲದ ಕೆಲವು ಕೇಂದ್ರಗಳನ್ನಷ್ಟೇ ನಂಬಿದಾಗ ಎಲ್ಲ ಕೇಂದ್ರಗಳೂ ಒಟ್ಟಾಗಿ ತಳುಕಿಕೊಂಡಿವೆಯೇ ಎಂಬುದು ಅವರ ಪ್ರಶ್ನೆ. ಅದನ್ನು ಅವರು ದ್ಯುತಿಪ್ರಯೋಗದಲ್ಲಿ ಪರೀಕ್ಷಿಸಿಯೂ ತೋರಿಸಿದರು. ಎರಡೂ ಗೆರೆಗಳು ಇಂದಿಗೂ ಬಳಕೆಯಲ್ಲಿವೆ. ಯಾವುದನ್ನು ಹಿಡಿದರೆಂದು ನೋಡದೆ ಯಾವ ಪ್ರಯೋಗದ ಹೇಳಿಕೆಯನ್ನೂ ಒಪ್ಪಲಾಗದು.

ಕಣಗಳು ಹಲವು ಎಂದ ಮಾತ್ರಕ್ಕೆ ಪಕ್ಷಗಳೂ ಹಲವು ಎನ್ನುವಂತಿಲ್ಲ. 2018ರಲ್ಲಿ ಬಾಸೆಲ್ ತಂಡ ಸುಮಾರು 590 ರುಬಿಡಿಯಂ ಪರಮಾಣುಗಳ ಬೋಸ್-ಐನ್‌ಸ್ಟೈನ್ ಸಾಂದ್ರಣದಲ್ಲಿ (ಅತಿಶೀತದಲ್ಲಿ ಒಂದೇ ಕ್ವಾಂಟಮ್ ಸ್ಥಿತಿಗಿಳಿದ ಪರಮಾಣು ಮೋಡದಲ್ಲಿ) ಸ್ಟೀರಿಂಗ್ ಕಂಡಿತು, ಆದರೆ ಅದು ಮೋಡದ ಎರಡು ಭಾಗಗಳ ನಡುವೆ. ಅದೇ ವರ್ಷ ಹೈಡೆಲ್‌ಬರ್ಗ್ ತಂಡ ಐದು ಭಾಗಗಳ ತಳುಕನ್ನು ದಾಖಲಿಸಿತು.

ಪತ್ತೆ ವಿಫಲವಾಗುವುದು ಯಾವಾಗ? ಏಕಕಾಲಕ್ಕೆ ಅಳೆಯಲಾಗದ ಅಳತೆಗಳಿಂದ ಮಾತ್ರ ಸ್ಟೀರಿಂಗ್ ಸಾಧ್ಯವೆಂದು 2014ರಲ್ಲಿ ಎರಡು ತಂಡಗಳು ಪ್ರತ್ಯೇಕವಾಗಿ ಸಾಧಿಸಿದವು. ಕರ್ನಾಟಕದ ಕೊಡುಗೆಯೂ ಈ ಎಳೆಯಲ್ಲಿದೆ. ರಾಮನ್ ಸಂಶೋಧನಾ ಸಂಸ್ಥೆಯ ಎಚ್. ಎಸ್. ಕಾರ್ತಿಕ್, ಬೆಂಗಳೂರು ವಿಶ್ವವಿದ್ಯಾಲಯದ ಎ. ಆರ್. ಉಷಾದೇವಿ ಮತ್ತು ಎ. ಕೆ. ರಾಜಗೋಪಾಲ್ 2015ರಲ್ಲಿ ಅನಿಶ್ಚಿತತೆಯನ್ನು ಅಳೆಯುವ ಎಂಟ್ರೊಪಿಯ ಭಾಷೆಯಲ್ಲಿ ಇದನ್ನು ಪರಿಶೀಲಿಸಿದರು. ಒಂದು ಬದಿಯವರು ಒಟ್ಟಿಗೆ ಅಳೆಯಬಹುದಾದ ಅಳತೆಗಳಿಗೇ ಸೀಮಿತರಾದರೆ, ತಳುಕಿದ್ದರೂ ಸ್ಟೀರಿಂಗ್ ಅಸಮಾನತೆ (ಸ್ಟೀರಿಂಗ್ ಇಲ್ಲದಾಗ ಫಲಿತಾಂಶಗಳು ದಾಟಲಾರದ ಮಿತಿ) ಮುರಿಯುವುದಿಲ್ಲ. ಗುಪ್ತಕೀಲಿ ಹಂಚಿಕೆಯ ಭದ್ರತೆಗೆ ಸಿಗುವ ಕ್ವಾಂಟಮ್ ಅನುಕೂಲವೂ ಇಲ್ಲವಾಗುತ್ತದೆ. ಕುವೆಂಪು ವಿಶ್ವವಿದ್ಯಾಲಯದ ಸುಧಾ ಮತ್ತಿತರರು ಸೇರಿದ 2017ರ ಲೇಖನ, ಎರಡು ಮಟ್ಟಗಳ ಕ್ವಾಂಟಮ್ ವ್ಯವಸ್ಥೆಯಾದ ಕ್ಯೂಬಿಟ್‌ನ ಒಂದು ಬಗೆಯ ಅಳತೆಗಳಲ್ಲಿ ಒಟ್ಟಿಗೆ ಅಳೆಯಲಾಗದಿರುವಿಕೆಯ ಪ್ರಮಾಣಕ್ಕೂ ಸ್ಟೀರಿಂಗ್ ಅಸಮಾನತೆಯ ಗರಿಷ್ಠ ಉಲ್ಲಂಘನೆಗೂ ನೇರ ನಂಟಿದೆ ಎಂದು ತೋರಿಸಿತು. ಇವು ಇಬ್ಬರ ನಡುವಿನ ಫಲಿತಾಂಶಗಳು, ಬಹುಪಕ್ಷದವಲ್ಲ. ಆದರೂ ನಂಬದ ಬದಿಯ ಅಳತೆಗಳು ಒಟ್ಟಿಗೆ ಅಳೆಯಬಹುದಾದಷ್ಟು ಮಸುಕಾದರೆ ಪತ್ತೆ ಕೈಗೂಡದೆಂಬ ಅಡ್ಡಿ ಮೂರನೆಯವರು ಸೇರಿದಾಗಲೂ ತೊಲಗುವುದಿಲ್ಲ.